ಮಣ್ಣು ಆರೋಗ್ಯ ಚೀಟಿ: ಹನ್ನೆರಡು ಅಂಕಿಗಳಿಂದ ಹೊಲದ ತೀರ್ಮಾನದವರೆಗೆ

ಮಣ್ಣು ಆರೋಗ್ಯ ಚೀಟಿಯಲ್ಲಿ ಜಿಂಕ್ (ಸತು) ಸಾಲಿನ ಎದುರು 0.58 ಎಂದು ಅಚ್ಚಾಗಿದೆ ಎಂದುಕೊಳ್ಳಿ. ಅದು ದತ್ತಾಂಶ. ಪಕ್ಕದ ಅಂಕಣದಲ್ಲಿ ‘ಕೊರತೆ’ ಎಂದಿರುತ್ತದೆ. 0.6ಕ್ಕಿಂತ ಕೆಳಗಿದ್ದರೆ ಕೊರತೆ ಎಂಬ ಅಳತೆಗೆ ಹಿಡಿದು ನೋಡಿದ ಮೇಲೆ ಬಂದ ಮಾತದು, ಅಂದರೆ ಮಾಹಿತಿ. ಈ ಹೊಲಕ್ಕೆ ಈ ಮುಂಗಾರಿನಲ್ಲಿ ಜಿಂಕ್ ಸಲ್ಫೇಟ್ ಹಾಕಬೇಕೇ, ಹಾಕುವುದಾದರೆ ಎಷ್ಟು, ಯಾವುದರ ಜೊತೆ ಬೆರೆಸಬಾರದು, ಮುಂದಿನ ಬೆಳೆಗೂ ಬೇಕೇ ಎಂದು ನಿರ್ಧರಿಸಲು ಬೇಕಾದದ್ದು ಜ್ಞಾನ. ಈ ಮೂರರಲ್ಲಿ ಮೊದಲನೆಯದನ್ನು ಈ ಚೀಟಿ ಚೆನ್ನಾಗಿ ಕೊಡುತ್ತದೆ, ಎರಡನೆಯದನ್ನು ಅರ್ಧ ಕೊಡುತ್ತದೆ, ಮೂರನೆಯದನ್ನು ಬಹುಪಾಲು ರೈತನಿಗೇ ಬಿಡುತ್ತದೆ. ಆದರೂ ಇದು ಮಾಡಿಸಲೇಬೇಕಾದ ಪರೀಕ್ಷೆ. ಏಕೆ ಮಾಡಿಸಬೇಕು, ಹೇಗೆ ಓದಬೇಕು, ಎಲ್ಲಿ ನಂಬಬಾರದು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಕೇಂದ್ರ ಸರ್ಕಾರದ ಈ ಯೋಜನೆ 2015ರ ಫೆಬ್ರವರಿ 19ರಂದು ರಾಜಸ್ಥಾನದ ಸೂರತ್‌ಗಢದಲ್ಲಿ ಶುರುವಾಯಿತು. ಯೋಜನೆಯಡಿ ರೈತರಿಗೆ ಪರೀಕ್ಷೆ ಉಚಿತ. ನಮ್ಮಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ, ಕೃಷಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಕೊಟ್ಟು ಬೇರೆಯಾಗಿಯೂ ಮಾಡಿಸಬಹುದು. ಚೀಟಿಯಲ್ಲಿ ರೈತರ ಹೆಸರು, ಸರ್ವೆ ನಂಬರು, ಮಾದರಿ ತೆಗೆದ ದಿನ, ಜಿಪಿಎಸ್ ಗುರುತು ಇರುತ್ತವೆ. ಅದರ ಕೆಳಗೆ ಹನ್ನೆರಡು ಸಾಲುಗಳ ಪಟ್ಟಿ: ರಸಸಾರ (ಪಿಎಚ್), ಲವಣಾಂಶ ತೋರಿಸುವ ಇಸಿ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಜಿಂಕ್, ಬೋರಾನ್, ಕಬ್ಬಿಣ, ಮ್ಯಾಂಗನೀಸ್, ತಾಮ್ರ. ಪ್ರತಿ ಸಾಲಿಗೂ ಬಂದ ಅಂಕಿ, ಅಳತೆಯ ಘಟಕ, ದರ್ಜೆ, ಸಾಮಾನ್ಯ ಮಟ್ಟ. ಪಕ್ಕದಲ್ಲಿ ಕೆಲವು ಬೆಳೆಗಳಿಗೆ ಎರಡೆರಡು ಬಗೆಯ ಗೊಬ್ಬರದ ಲೆಕ್ಕ. ಹಾಳೆ ಒಂದೇ, ವಿನ್ಯಾಸ ಅಚ್ಚುಕಟ್ಟು. ಎಲ್ಲಿ ಏನಿದೆ ಎಂದು ಹುಡುಕಬೇಕಾಗಿಲ್ಲ.

ಅಂಕಿ ಎಲ್ಲಿಯದು?

ದತ್ತಾಂಶದ ಬೆಲೆ ಅದು ಹುಟ್ಟಿದ ಜಾಗದಲ್ಲಿದೆ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರ ಪರವಾಗಿ ಪ್ರಯೋಗಾಲಯಕ್ಕೆ ಹೋಗುವುದು ಅರ್ಧ ಕೆಜಿ. ಸಾವಯವ ಇಂಗಾಲದ ಪರೀಕ್ಷೆಗೆ ಅದರಲ್ಲಿ ಬಳಕೆಯಾಗುವುದು ಒಂದು ಗ್ರಾಂ ಅಥವಾ ಇನ್ನೂ ಕಡಿಮೆ. ಆದ್ದರಿಂದ ಯಂತ್ರದ ತಪ್ಪಿಗಿಂತ ಮಾದರಿ ತೆಗೆಯುವವರ ತಪ್ಪು ಸಾಮಾನ್ಯವಾಗಿ ದೊಡ್ಡದು.

ಯೋಜನೆಯ ದೊಡ್ಡ ದೌರ್ಬಲ್ಯವೂ ಇಲ್ಲಿಯೇ ಇತ್ತು. ಮೊದಲ ಎರಡು ಸುತ್ತುಗಳಲ್ಲಿ ಮಾದರಿ ತೆಗೆದದ್ದು ಗ್ರಿಡ್ ಲೆಕ್ಕದಲ್ಲಿ, ಅಂದರೆ ನೆಲವನ್ನು ಚೌಕಗಳಾಗಿ ಹಂಚಿ: ನೀರಾವರಿಯಲ್ಲಿ 2.5 ಹೆಕ್ಟೇರಿಗೆ ಒಂದು, ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು. ಹತ್ತು ಹೆಕ್ಟೇರ್ ಎಂದರೆ ಹತ್ತಿರ ಹತ್ತಿರ 25 ಎಕರೆ. ಆ ಚೌಕದೊಳಗೆ ಹಿಡುವಳಿ ಇರುವ ಎಲ್ಲರಿಗೂ ಅದೇ ಅಂಕಿಗಳ ಚೀಟಿ ಬಂತು. ನಮ್ಮ ದಕ್ಷಿಣದ ಒಣಭೂಮಿಯಲ್ಲಿ ದಿಣ್ಣೆಯ ಮೇಲಿನ ಗರಸು ಮಣ್ಣಿಗೂ ಕೆರೆಯ ಕೆಳಗಿನ ಜೇಡಿಗೂ ನಡುವೆ ನಾಲ್ಕೈದು ಹೊಲಗಳಷ್ಟೇ ದೂರ. ಚೀಟಿಯ ಮೇಲೆ ಹೆಸರು ನಿಮ್ಮದು, ಮಣ್ಣು ಪಕ್ಕದವರದು – ಹೀಗಾಗುವುದು ಸಾಧ್ಯವಿತ್ತು. 2019-20ರಲ್ಲಿ ಆಯ್ದ ಗ್ರಾಮಗಳಲ್ಲಿ ಹಿಡುವಳಿವಾರು ಮಣ್ಣಿನ ಮಾದರಿ ತೆಗೆಯುವ ಪ್ರಯೋಗ ನಡೆದದ್ದು ಸರಿಯಾದ ದಿಕ್ಕಿನ ಹೆಜ್ಜೆ.

ಕೈಯಲ್ಲಿ ಹಳೆಯ ಚೀಟಿ ಇದ್ದರೆ ಮೊದಲು ಮಾಡಬೇಕಾದ ಕೆಲಸ ಒಂದು. ಅದರಲ್ಲಿನ ಅಕ್ಷಾಂಶ, ರೇಖಾಂಶಗಳನ್ನು ಫೋನಿನ ನಕ್ಷೆಯಲ್ಲಿ ಹಾಕಿ ನೋಡಿ. ಗುರುತು ನಿಮ್ಮ ಹೊಲದಲ್ಲಿ ಬಿದ್ದರೆ ಮುಂದೆ ಓದಿ. ರಸ್ತೆಯ ಮೇಲೆ, ಊರೊಳಗೆ, ಅಥವಾ ಬೇರೆ ಬಣ್ಣದ ಮಣ್ಣಿನಲ್ಲಿ ಬಿದ್ದರೆ ಆ ಚೀಟಿಯ ಮೇಲೆ ಗೊಬ್ಬರದ ಲೆಕ್ಕ ಹಾಕಬೇಡಿ. ಹೊಸದಾಗಿ ಮಾದರಿ ಕೊಡಿ.

ಮಾದರಿಯನ್ನು ನೀವೇ ತೆಗೆಯುವುದು ಒಳ್ಳೆಯದು. ನಮ್ಮಲ್ಲಿ ಇದಕ್ಕೆ ಹೊಂದುವ ಕಾಲ ಬೇಸಿಗೆ: ಹಿಂದಿನ ಬೆಳೆ ಕೊಯ್ಲಾಗಿ, ಗೊಬ್ಬರ ಹಾಕಿ ಕನಿಷ್ಠ ಮೂರು ತಿಂಗಳು ಕಳೆದಿರಬೇಕು, ಮುಂಗಾರಿಗೆ ಮುಂಚೆ ಫಲಿತಾಂಶ ಕೈಗೆ ಬರುವಷ್ಟು ಸಮಯವೂ ಇರಬೇಕು. ಹೊಲದಲ್ಲಿ ಮಣ್ಣಿನ ಬಣ್ಣ, ಇಳಿಜಾರು, ಹಿಂದಿನ ಬೆಳೆ ಬೇರೆ ಬೇರೆ ಇದ್ದರೆ ಅಷ್ಟು ಭಾಗ ಮಾಡಿ. ಒಂದೊಂದು ಭಾಗಕ್ಕೂ ಒಂದೊಂದು ಮಾದರಿ. ಒಂದು ಭಾಗದೊಳಗೆ ಅಂಕುಡೊಂಕಾಗಿ ನಡೆಯುತ್ತ 10ರಿಂದ 15 ಕಡೆ ನಿಲ್ಲಬೇಕು. ನಿಂತ ಕಡೆ ಮೇಲಿನ ಕಸಕಡ್ಡಿ ಸರಿಸಿ, ಗುದ್ದಲಿಯಿಂದ ‘ವಿ’ ಆಕಾರದ ಗುಂಡಿಯನ್ನು 15 ಸೆಂಟಿಮೀಟರ್, ಅಂದರೆ ಸುಮಾರು ಆರು ಇಂಚು ಆಳಕ್ಕೆ ತೆಗೆಯಿರಿ. ಒಳಗಿನ ಮಣ್ಣನ್ನೆಲ್ಲ ಹೊರಗೆ ಚೆಲ್ಲಿ, ಗುಂಡಿಯ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಒಂದಿಂಚು ದಪ್ಪಕ್ಕೆ ಕೆರೆದು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಮೇಲ್ಮಣ್ಣನ್ನಷ್ಟೇ ಕೆರೆದರೆ ಇಂಗಾಲ, ರಂಜಕ, ಪೊಟ್ಯಾಷ್ ಎಲ್ಲವೂ ಇದ್ದದ್ದಕ್ಕಿಂತ ಹೆಚ್ಚು ಬರುತ್ತವೆ. ಆಳಕ್ಕೆ ಹೋದರೆ ಕಡಿಮೆ ಬರುತ್ತವೆ.

ಬಕೆಟ್ ಪ್ಲಾಸ್ಟಿಕ್ಕಿನದೇ ಏಕೆ ಎಂದರೆ, ಸತು ಲೇಪಿಸಿದ ತಗಡಿನ ಬಕೆಟ್ಟು ಉಜ್ಜಿದರೂ ಸಾಕು, ಜಿಂಕ್ ಅಂಕಿ ಕೆಡುತ್ತದೆ. ಪಿಪಿಎಂ ಎಂಬ ಅಳತೆಯಲ್ಲಿ, ಎಂದರೆ ಹತ್ತು ಲಕ್ಷ ಭಾಗದಲ್ಲಿ ಅರ್ಧ ಭಾಗವನ್ನು ಹುಡುಕುವ ಪರೀಕ್ಷೆ ಅದು. ಜಿಂಕ್, ಕಬ್ಬಿಣದಂಥ ಲಘು ಪೋಷಕಾಂಶಗಳ ಪರೀಕ್ಷೆಗಾಗಿ ತುಕ್ಕು ಹಿಡಿದ ಕುರ್ಪಿಯನ್ನೂ ಬಳಸಬಾರದು. ಕೊನೆಯ ಕೆರೆತಕ್ಕೆ ಬಿದಿರಿನ ಸೀಳೋ ಮರದ ಪಟ್ಟಿಯೋ ಸಾಕು. ಖಾಲಿಯಾದ ಯೂರಿಯಾ, ಡಿಎಪಿ ಚೀಲದಲ್ಲಿ ಮಣ್ಣು ತುಂಬುವುದು ಎಲ್ಲ ಕಡೆ ಕಾಣುವ ತಪ್ಪು. ಚೀಲದ ಹೊಲಿಗೆಯಲ್ಲಿ ಉಳಿದ ನಾಲ್ಕು ಕಾಳು ಅರ್ಧ ಕೆಜಿ ಮಣ್ಣಿನ ಲೆಕ್ಕವನ್ನೇ ತಲೆಕೆಳಗು ಮಾಡುತ್ತವೆ. ಬದುವಿನ ಪಕ್ಕ, ತಿಪ್ಪೆ ಇದ್ದ ಜಾಗ, ಮರದ ನೆರಳು, ಕುರಿ ಮಂದೆ ನಿಲ್ಲಿಸಿದ ಜಾಗ, ನೀರು ನಿಲ್ಲುವ ತಗ್ಗು – ಇವನ್ನು ಬಿಡಿ.

ಕೂಡಿಸಿದ ಮಣ್ಣನ್ನು ಹರಡಿ, ಹೆಂಟೆ ಒಡೆದು, ಬೇರು ಕಲ್ಲು ಆರಿಸಿ, ವೃತ್ತ ಮಾಡಿ ನಾಲ್ಕು ಭಾಗ ಮಾಡಿ. ಎದುರುಬದುರು ಎರಡು ಭಾಗ ಚೆಲ್ಲಿ, ಉಳಿದೆರಡನ್ನು ಮತ್ತೆ ಕೂಡಿಸಿ. ಅರ್ಧ ಕೆಜಿ ಉಳಿಯುವವರೆಗೆ ಹೀಗೇ ಮಾಡಬೇಕು. ನೆರಳಲ್ಲಿ ಒಣಗಿಸಿ, ಬಿಸಿಲಲ್ಲಿ, ಒಲೆಯ ಮೇಲೆ ಬೇಡ. ಹೊಸ ಬಟ್ಟೆ ಚೀಲಕ್ಕೆ ತುಂಬಿ, ಹೆಸರು, ಸರ್ವೆ ನಂಬರು, ದಿನಾಂಕ, ಹಿಂದಿನ ಬೆಳೆ, ಮುಂದೆ ಹಾಕುವ ಬೆಳೆ ಇವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಒಳಗೊಂದು, ಹೊರಗೊಂದು ಇಡಿ. ಪೆನ್ನಿನ ಶಾಯಿ ತೇವಕ್ಕೆ ಅಳಿಸುತ್ತದೆ. ಅಡಿಕೆ, ತೆಂಗು, ಮಾವಿನಂಥ ತೋಟಗಳಿಗೆ 15 ಸೆಂಟಿಮೀಟರ್ ಸಾಲದು. 30 ಸೆಂಟಿಮೀಟರ್‌ವರೆಗಿನದೊಂದು, 30ರಿಂದ 60ರದ್ದೊಂದು ಬೇರೆ ಬೇರೆ ಮಾದರಿ ಬೇಕು.

ಅಂಕಿಗೆ ಅರ್ಥ ಬರುವುದು ಹೇಗೆ

ಚೀಟಿಯಲ್ಲಿ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮಾತುಗಳ ಹಿಂದೆ ಇರುವ ಗೆರೆಗಳು ಇವು: ಸಾವಯವ ಇಂಗಾಲ ಶೇ. 0.5ರಿಂದ 0.75 ಮಧ್ಯಮ, ಸಾರಜನಕ ಹೆಕ್ಟೇರಿಗೆ 280ರಿಂದ 560 ಕೆಜಿ ಮಧ್ಯಮ, ರಂಜಕ 10ರಿಂದ 25 ಕೆಜಿ, ಪೊಟ್ಯಾಷ್ 120ರಿಂದ 280 ಕೆಜಿ. ಗಂಧಕ 10 ಪಿಪಿಎಂ, ಜಿಂಕ್ 0.6, ಬೋರಾನ್ 0.5, ಕಬ್ಬಿಣ 4.5, ಮ್ಯಾಂಗನೀಸ್ 2, ತಾಮ್ರ 0.2 – ಇವುಗಳಿಗೆ ಮೇಲಿದ್ದರೆ ಸಾಕಷ್ಟಿದೆ, ಕೆಳಗಿದ್ದರೆ ಕೊರತೆ.

ಗೆರೆ ಎಳೆದದ್ದು ಮನುಷ್ಯ, ಬೆಳೆಗೆ ಆ ಗೆರೆ ಕಾಣುವುದಿಲ್ಲ. ಜಿಂಕ್ 0.58 ಇರುವ ಹೊಲಕ್ಕೂ 0.62 ಇರುವ ಹೊಲಕ್ಕೂ ನಿಜದಲ್ಲಿ ವ್ಯತ್ಯಾಸವಿಲ್ಲ. ಅದೇ ಮಣ್ಣನ್ನು ಎರಡು ಸಲ ಪರೀಕ್ಷಿಸಿದರೂ ಅಷ್ಟು ಅಂತರ ಬರಬಹುದು. ಆದರೆ ಚೀಟಿಯಲ್ಲಿ ಒಂದು ‘ಕೊರತೆ’, ಇನ್ನೊಂದು ‘ಸಾಕಷ್ಟು’. ಆದ್ದರಿಂದ ದರ್ಜೆಯನ್ನು ಓದುವ ಮುಂಚೆ ಅಂಕಿಯನ್ನು ಓದಿ. 0.3 ಇದ್ದರೆ ಕೊರತೆ ಖಚಿತ. 1.2 ಇದ್ದರೆ ಚಿಂತೆ ಬೇಡ. 0.5ರಿಂದ 0.7ರ ನಡುವೆ ಇದ್ದರೆ ಬೆಳೆಯನ್ನು ನೋಡಿ ತೀರ್ಮಾನ: ಭತ್ತ, ಮೆಕ್ಕೆಜೋಳ ಜಿಂಕ್ ಕೊರತೆಯನ್ನು ಬೇಗ ತೋರಿಸುತ್ತವೆ.

ಸಾರಜನಕದ ಸಾಲಿನ ಬಗ್ಗೆ ಒಂದು ಕಿವಿಮಾತು. ಬಹುತೇಕ ಚೀಟಿಗಳಲ್ಲಿ ಅದು ‘ಕಡಿಮೆ’ ಎಂದೇ ಬರುತ್ತದೆ. ಕ್ಷಾರೀಯ ಪರ್ಮಾಂಗನೇಟ್ ವಿಧಾನದಲ್ಲಿ ಅಳೆಯುವುದು ಸಾವಯವ ವಸ್ತುವಿನಿಂದ ಮುಂದೆ ಬಿಡುಗಡೆಯಾಗಬಹುದಾದ ಸಾರಜನಕದ ಅಂದಾಜನ್ನು. ಬೆಳೆಗೆ ಇವತ್ತು ಸಿಗುವ ನೈಟ್ರೇಟನ್ನಲ್ಲ. ನೈಟ್ರೇಟ್ ಮಳೆಗೆ ತೊಳೆದು ಹೋಗುತ್ತದೆ, ಬಿಸಿಲಿಗೆ ಮತ್ತೆ ಹುಟ್ಟುತ್ತದೆ, ವಾರಕ್ಕೊಂದು ಅಂಕಿ. ಎಲ್ಲರಿಗೂ ಒಂದೇ ಉತ್ತರ ಕೊಡುವ ಪರೀಕ್ಷೆಯಿಂದ ಹೊಲ ಹೊಲದ ಭೇದ ತಿಳಿಯುವುದಿಲ್ಲ. ಸಾರಜನಕಕ್ಕೆ ಸಾವಯವ ಇಂಗಾಲವನ್ನೂ ಬೆಳೆಯ ಎಲೆಯ ಬಣ್ಣವನ್ನೂ ನೋಡುವುದು ಮೇಲು.

ಇನ್ನೊಂದು ಬಲೆ ಘಟಕದ್ದು. ಕೆಲವು ಪ್ರಯೋಗಾಲಯಗಳು ರಂಜಕವನ್ನು ಮೂಲಧಾತುವಿನ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಪಿ2ಒ5 (ರಂಜಕದ ಆಕ್ಸೈಡ್) ಲೆಕ್ಕದಲ್ಲಿ. ಎರಡರ ನಡುವಿನ ಗುಣಕ 2.29. ಪೊಟ್ಯಾಷ್‌ಗೆ 1.2. ಒಂದು ಕಡೆಯ ವರದಿಯಲ್ಲಿ ಪಿ2ಒ5 ಎಂದು 20 ಬಂದಿದೆ, ಅದನ್ನು ನೀವು ಚೀಟಿಯ 10-25ರ ಗೆರೆಗೆ ಹೋಲಿಸಿದಿರಿ ಎಂದರೆ ‘ಮಧ್ಯಮ’ ಅನ್ನಿಸುತ್ತದೆ, 2.29ರಿಂದ ಭಾಗಿಸಿದರೆ ಅದು 8.7, ಅಂದರೆ ಕಡಿಮೆ. ಹಾಗೆಯೇ ರಂಜಕ ಅಳೆಯಲು ಹುಳಿ ಮಣ್ಣಿಗೆ ಬ್ರೇ ವಿಧಾನ, ತಟಸ್ಥ ಮತ್ತು ಕ್ಷಾರ ಮಣ್ಣಿಗೆ ಓಲ್ಸನ್ ವಿಧಾನ ಹೊಂದುತ್ತದೆ. ಎರಡು ವರ್ಷದ ಎರಡು ವರದಿಗಳನ್ನು ಹೋಲಿಸುವ ಮುಂಚೆ ವಿಧಾನ, ಘಟಕ, ಮಾದರಿ ತೆಗೆದ ತಿಂಗಳು, ಆಳ ಈ ನಾಲ್ಕೂ ಒಂದೇ ಇವೆಯೇ ನೋಡಿ. ಇಲ್ಲದಿದ್ದರೆ ‘ರಂಜಕ ಏರಿತು’, ‘ಇಂಗಾಲ ಇಳಿಯಿತು’ ಎಂಬ ಮಾತಿಗೆ ಆಧಾರವಿಲ್ಲ. ಚೀಟಿಯಲ್ಲಿ ಪರೀಕ್ಷಾ ವಿಧಾನವನ್ನು ರೈತನಿಗೆ ಕಾಣುವಂತೆ ಅಚ್ಚು ಹಾಕದಿರುವುದು ನಿಜವಾದ ಕೊರತೆ. ಒಂದು ಸಾಲಿನ ಕೆಲಸವದು.

ಪಿಎಚ್ ಮತ್ತು ಇಸಿಗಳನ್ನು ಜೋಡಿಯಾಗಿ ಓದಬೇಕು. ತುಂಗಭದ್ರಾ, ಮಲಪ್ರಭಾ, ಘಟಪ್ರಭಾ ಅಚ್ಚುಕಟ್ಟುಗಳಲ್ಲಿ ಸವಳು-ಜವಳಾದ ಹೊಲಗಳಿಗೆ ಇದು ಬಹಳ ಮುಖ್ಯ. ಇಸಿ ಹೆಚ್ಚು, ಪಿಎಚ್ 8.5ರ ಒಳಗೆ ಇದ್ದರೆ ಅದು ಉಪ್ಪಿನ ತೊಂದರೆ: ಬಸಿಗಾಲುವೆ ತೆಗೆದು ಒಳ್ಳೆಯ ನೀರಿನಿಂದ ತೊಳೆಯಬೇಕು, ಜಿಪ್ಸಂಗೆ ಖರ್ಚು ಮಾಡಿ ಪ್ರಯೋಜನವಿಲ್ಲ. ಪಿಎಚ್ 8.5 ದಾಟಿ ಇಸಿ ಕಡಿಮೆ ಇದ್ದರೆ ಸೋಡಿಯಂ ತೊಂದರೆ ಎಂದು ಶಂಕಿಸಬೇಕು. ಅಲ್ಲಿ ಜಿಪ್ಸಂ ಬೇಕು, ಎಷ್ಟು ಎಂದು ತಿಳಿಯಲು ಜಿಪ್ಸಂ ಅಗತ್ಯದ ಪರೀಕ್ಷೆ ಬೇರೆಯೇ ಮಾಡಿಸಬೇಕು. ಎರಡು ಅಂಕಿಗಳು ಬೇರೆ ಬೇರೆ ಸಾಲಿನಲ್ಲಿದ್ದಾಗ ಕಾಣದ ಸಂಗತಿ ಜೋಡಿಸಿದಾಗ ಕಾಣುತ್ತದೆ, ಆದರೆ ಆ ಜೋಡಣೆಯನ್ನು ಚೀಟಿ ಮಾಡಿಕೊಡುವುದಿಲ್ಲ.

ರಾಗಿಯ ಲೆಕ್ಕ

ಚೀಟಿಯಿಂದ ಹೊಲದ ಕೆಲಸಕ್ಕೆ ಬರುವ ದಾರಿಯನ್ನು ಒಂದು ಬೆಳೆಯಲ್ಲಿ ಪೂರ್ತಿ ನಡೆದು ನೋಡೋಣ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಮಳೆಯಾಶ್ರಿತ ರಾಗಿಗೆ ಹೇಳುವ ಪ್ರಮಾಣ ಹೆಕ್ಟೇರಿಗೆ 50:40:37.5 ಕೆಜಿ ಸಾರಜನಕ, ರಂಜಕ, ಪೊಟ್ಯಾಷ್. ಎಕರೆಗೆ ಸರಿಸುಮಾರು 20:16:15. ಗೊಬ್ಬರದ ಈ ಲೆಕ್ಕದಲ್ಲಿ ರಂಜಕ ಎಂದರೆ ಪಿ2ಒ5, ಪೊಟ್ಯಾಷ್ ಎಂದರೆ ಕೆ2ಒ. ಇದು ಮಧ್ಯಮ ಫಲವತ್ತತೆಯ ಮಣ್ಣಿಗೆ. ಯಾವ ಪೋಷಕಾಂಶ ‘ಕಡಿಮೆ’ ಎಂದು ಬಂದಿದೆಯೋ ಅದನ್ನು ಕಾಲು ಭಾಗ ಹೆಚ್ಚಿಸಿ, ‘ಹೆಚ್ಚು’ ಎಂದು ಬಂದದ್ದನ್ನು ಕಾಲು ಭಾಗ ಇಳಿಸುವುದು ವಾಡಿಕೆಯ ಸೂತ್ರ.

ಚೀಟಿಯಲ್ಲಿ ಸಾರಜನಕ ಕಡಿಮೆ, ರಂಜಕ ಹೆಚ್ಚು, ಪೊಟ್ಯಾಷ್ ಮಧ್ಯಮ ಎಂದಿದೆ ಎನ್ನಿ. ಎಕರೆಗೆ 25:12:15 ಆಯಿತು. ಡಿಎಪಿಯಲ್ಲಿ ಶೇ. 18 ಸಾರಜನಕ, ಶೇ. 46 ರಂಜಕ. 12 ಕೆಜಿ ರಂಜಕಕ್ಕೆ 26 ಕೆಜಿ ಡಿಎಪಿ, ಅದರೊಂದಿಗೆ 4.7 ಕೆಜಿ ಸಾರಜನಕವೂ ಬಂತು. ಉಳಿದ 20.3 ಕೆಜಿ ಸಾರಜನಕಕ್ಕೆ ಶೇ. 46ರ ಯೂರಿಯಾ 44 ಕೆಜಿ, ಅಂದರೆ ಈಗಿನ 45 ಕೆಜಿ ಚೀಲ ಒಂದು. 15 ಕೆಜಿ ಪೊಟ್ಯಾಷ್‌ಗೆ ಶೇ. 60ರ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) 25 ಕೆಜಿ. ಎಕರೆಗೆ ಒಂದು ಚೀಲ ಡಿಎಪಿ ಎಂಬ ಊರೂರಿನ ಅಭ್ಯಾಸಕ್ಕೆ ಇದನ್ನು ಹೋಲಿಸಿ: 50 ಕೆಜಿ ಡಿಎಪಿಯಲ್ಲಿ 23 ಕೆಜಿ ರಂಜಕ ಹೋಗುತ್ತದೆ, ಬೇಕಾದದ್ದರ ಹತ್ತಿರ ಹತ್ತಿರ ಎರಡು ಪಾಲು. ಪ್ರತಿ ವರ್ಷ ಹೀಗೆ ಬಿದ್ದ ರಂಜಕ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜೊತೆ, ಕಪ್ಪು ಮಣ್ಣಿನಲ್ಲಿ ಸುಣ್ಣದ ಜೊತೆ ಕಟ್ಟಿಕೊಂಡು ಕೂರುತ್ತದೆ, ಜಿಂಕ್ ಹೀರುವಿಕೆಗೂ ಅಡ್ಡ ಬರುತ್ತದೆ. ಉಚಿತ ಚೀಟಿಯೊಂದು ಅರ್ಧ ಚೀಲ ಡಿಎಪಿ ಉಳಿಸಿದರೆ ಈ ಸೇವೆಗೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ.

ಗಂಧಕವೂ ಕಡಿಮೆ ಎಂದಿದ್ದರೆ ಡಿಎಪಿಯ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ಹಿಡಿಯಿರಿ. ಅದರಲ್ಲಿ ಶೇ. 16 ರಂಜಕ, ಶೇ. 11 ಗಂಧಕ. 12 ಕೆಜಿ ರಂಜಕಕ್ಕೆ 75 ಕೆಜಿ ಬೇಕು, ಜೊತೆಗೆ 8 ಕೆಜಿ ಗಂಧಕ ಸಿಗುತ್ತದೆ. ಆಗ ಸಾರಜನಕವೆಲ್ಲ ಯೂರಿಯಾದಿಂದಲೇ ಬರಬೇಕಾದ್ದರಿಂದ ಯೂರಿಯಾ 54 ಕೆಜಿಗೆ ಏರುತ್ತದೆ. ಚೀಟಿಯಲ್ಲಿ ಎರಡು ಬಗೆಯ ಗೊಬ್ಬರದ ಲೆಕ್ಕ ಇರುವುದರ ಉಪಯೋಗ ಇದೇ, ಆದರೆ ಯಾವಾಗ ಯಾವುದನ್ನು ಆರಿಸಬೇಕು ಎಂದು ಅಲ್ಲಿ ಬರೆದಿರುವುದಿಲ್ಲ.

ಇನ್ನು 44 ಕೆಜಿ ಯೂರಿಯಾ. ಅಷ್ಟನ್ನೂ ಬಿತ್ತನೆಯ ದಿನವೇ ಸುರಿದರೆ ಒಂದು ಜೋರು ಮಳೆಗೆ ಬಹಳಷ್ಟು ಹೋಗಬಹುದು, ಮಳೆ ಬಾರದಿದ್ದರೆ ಮೊಳಕೆ ಸುಡುತ್ತದೆ. ಬಿತ್ತನೆಗೆ 17 ಕೆಜಿ (ಡಿಎಪಿಯ ಸಾರಜನಕ ಸೇರಿ ಒಟ್ಟಿನ ಅರ್ಧ ಆಯಿತು), ಉಳಿದ 27 ಕೆಜಿ ಕಳೆ ತೆಗೆದ ಮೇಲೆ, ತಿಂಗಳಿನ ಹೊತ್ತಿಗೆ, ಹೊಲದಲ್ಲಿ ಹಸಿ ಇದ್ದಾಗ ಮೇಲುಗೊಬ್ಬರ. ಹಸಿ ಇಲ್ಲದಿದ್ದರೆ ಕಾಯಿರಿ. ಮಳೆ ಕೈಕೊಟ್ಟರೆ ಆ ಕಂತನ್ನು ಕೈಬಿಡಿ. ಚೀಟಿಗೆ ಆ ವರ್ಷದ ಮಳೆ ಗೊತ್ತಿಲ್ಲ. ತಿಪ್ಪೆ ಗೊಬ್ಬರ ಎಕರೆಗೆ 3 ಟನ್ ಹಾಕುವವರಿಗೆ ಟನ್ನಿಗೆ ಸುಮಾರು 5 ಕೆಜಿಯಂತೆ 15 ಕೆಜಿ ಸಾರಜನಕ ಅದರಲ್ಲೇ ಇದೆ, ಆದರೆ ಮೊದಲ ಬೆಳೆಗೆ ಸಿಗುವುದು ಅದರ ಒಂದು ಪಾಲು ಮಾತ್ರ. ಅದನ್ನು ಲೆಕ್ಕಕ್ಕೆ ಹಿಡಿದೇ ಯೂರಿಯಾ ಇಳಿಸಬೇಕು, ಪೂರ್ತಿ ಕಳೆಯಬಾರದು.

ಜಿಂಕ್ ಕೊರತೆ ಇದ್ದರೆ ಎಕರೆಗೆ 5ರಿಂದ 10 ಕೆಜಿ ಜಿಂಕ್ ಸಲ್ಫೇಟ್. ಒಮ್ಮೆ ಹಾಕಿದರೆ ಎರಡು ಮೂರು ಬೆಳೆಗೆ ಸಾಕು. ಪ್ರತಿ ಬೆಳೆಗೂ ಬೇಡ. ಡಿಎಪಿ, ಸೂಪರ್ ಫಾಸ್ಫೇಟ್ ಜೊತೆ ಬೆರೆಸಬೇಡಿ: ಜಿಂಕ್ ಫಾಸ್ಫೇಟ್ ಆಗಿ ಕರಗದೆ ಕೂರುತ್ತದೆ. ಒಣ ತಿಪ್ಪೆ ಗೊಬ್ಬರದಲ್ಲಿ ಬೆರೆಸಿ ಬೇರೆ ದಿನ ಎರಚಿ. ಬೋರಾನ್ ವಿಷಯದಲ್ಲಿ ಕೈ ಇನ್ನೂ ಬಿಗಿ ಇರಬೇಕು. ಕೊರತೆಗೂ ವಿಷಕ್ಕೂ ನಡುವಿನ ಅಂತರ ಅದರಲ್ಲಿ ಬಹಳ ಕಿರಿದು. ಎಕರೆಗೆ 2 ಕೆಜಿ ಬೋರಾಕ್ಸ್ ಸುಮಾರು 200 ಗ್ರಾಂ ಬೋರಾನ್ ಕೊಡುತ್ತದೆ. ಅಷ್ಟು ಸ್ವಲ್ಪವನ್ನು ಸಮವಾಗಿ ಎರಚಲು 20 ಕೆಜಿ ಒಣ ಮರಳಿನಲ್ಲಿ ಬೆರೆಸಬೇಕು. ಒಂದೇ ಕಡೆ ಬಿದ್ದರೆ ಅಲ್ಲಿ ಎಲೆಯಂಚು ಸುಡುತ್ತದೆ.

ಚೀಟಿ ನೋಡದಿರುವುದು

ಹನ್ನೆರಡು ಸಾಲಿನಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಸಿಯಂ ಇಲ್ಲ. ಮಣ್ಣಿನ ಆಳ, ಮರಳು-ಜೇಡಿಯ ಪ್ರಮಾಣ, ನೀರು ಹಿಡಿಯುವ ಶಕ್ತಿ, ಟ್ರ್ಯಾಕ್ಟರ್ ಓಡಾಟದಿಂದ ಕೆಳಗೆ ಕಟ್ಟಿದ ಗಟ್ಟಿ ಪದರ, ಜಂತುಹುಳು, ಎರೆಹುಳು ಯಾವುದೂ ಇಲ್ಲ. ಹೆಸರು ಆರೋಗ್ಯ ಚೀಟಿ. ಒಳಗಿರುವುದು ಪೋಷಕಾಂಶದ ಪಟ್ಟಿ. ಶೇಂಗಾ ಬೆಳೆಯುವವರಿಗೆ ಇದು ನೇರವಾಗಿ ತಟ್ಟುತ್ತದೆ: ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನಿಂದ ಪಡೆಯದೆ ಸುತ್ತಲಿನ ಮಣ್ಣಿನಿಂದಲೇ ಹೀರುತ್ತದೆ. ಚೀಟಿಯ ಹನ್ನೆರಡು ಸಾಲೂ ಸರಿಯಿದ್ದು ಹೊಲದಲ್ಲಿ ಜೊಳ್ಳು ಕಾಯಿ ತುಂಬಬಹುದು. ಹೂವಾಡುವ ಹೊತ್ತಿಗೆ ಎಕರೆಗೆ 200 ಕೆಜಿ ಜಿಪ್ಸಂ ಸಾಲಿಗೆ ಕೊಟ್ಟು ಮಣ್ಣೇರಿಸುವ ಪದ್ಧತಿ ಈ ಕಾರಣಕ್ಕೇ ಬಂದದ್ದು. ಮಲೆನಾಡಿನ ಹುಳಿ ಮಣ್ಣಿನ ತೋಟದವರು ಮೆಗ್ನೀಸಿಯಂ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು.

ಒಂದೇ ಅಂಕಿಗೆ ಎರಡು ಹೊಲದಲ್ಲಿ ಎರಡು ಅರ್ಥ ಇರುತ್ತದೆ ಎಂಬುದಕ್ಕೆ ಸುಣ್ಣಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಕೋಲಾರದ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ ಪಿಎಚ್ 5.5. ತೀರ್ಥಹಳ್ಳಿಯ ಸಾವಯವ ಭರಿತ ಜೇಡಿಗೋಡಿನಲ್ಲೂ 5.5. ಎರಡಕ್ಕೂ ಚೀಟಿ ‘ಆಮ್ಲೀಯ’ ಎನ್ನುತ್ತದೆ. ಮರಳಿಗೆ ಹುಳಿಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ, ಸ್ವಲ್ಪ ಸುಣ್ಣಕ್ಕೇ ಪಿಎಚ್ ಏರುತ್ತದೆ. ಜೇಡಿಗೆ ಅದರ ಎರಡು ಮೂರು ಪಾಲು ಬೇಕಾಗಬಹುದು. ಎರಡನೆಯದರ ಲೆಕ್ಕವನ್ನು ಮೊದಲನೆಯದಕ್ಕೆ ಹಾಕಿದರೆ ಸುಣ್ಣ ಹೆಚ್ಚಾಗಿ ಜಿಂಕ್, ಕಬ್ಬಿಣ, ಬೋರಾನ್ ಮೂರೂ ಕಟ್ಟಿಹೋಗುತ್ತವೆ. ಪ್ರಯೋಗಾಲಯದಲ್ಲಿ ‘ಸುಣ್ಣದ ಅಗತ್ಯ’ ಎಂಬ ಪರೀಕ್ಷೆಯನ್ನು ಹೆಸರು ಹಿಡಿದು ಕೇಳಿ. ಸುಣ್ಣವನ್ನು ಬಿತ್ತನೆಗೆ ಎರಡು ಮೂರು ವಾರ ಮುಂಚೆ ಮಣ್ಣಿಗೆ ಸೇರಿಸಿ. ಯೂರಿಯಾ, ತಿಪ್ಪೆ ಗೊಬ್ಬರದ ಜೊತೆಯಲ್ಲಿ ಬೇಡ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.

ಸುಣ್ಣದಂಶವಿರುವ ಎರೆಭೂಮಿಯಲ್ಲಿ ಇದಕ್ಕೆ ತಿರುವುಮುರುವು. ಕಬ್ಬಿಣ 5 ಪಿಪಿಎಂ, ಚೀಟಿಯ ಪ್ರಕಾರ ಸಾಕಷ್ಟು. ಆದರೂ ಕಬ್ಬಿನ ಕೂಳೆ, ಶೇಂಗಾ ಹಳದಿ ತಿರುಗುತ್ತವೆ: ಹೊಸ ಎಲೆಯಲ್ಲಿ ನರ ಹಸಿರಾಗಿಯೇ ಇದ್ದು ನಡುವಿನ ಭಾಗ ಹಳದಿ. ಪಿಎಚ್ ಹೆಚ್ಚಿದ್ದು, ಬೈಕಾರ್ಬೊನೇಟ್ ತುಂಬಿದ್ದರಿಂದ ಗಿಡಕ್ಕೆ ಸಿಕ್ಕ ಕಬ್ಬಿಣವೂ ಎಲೆಯಲ್ಲಿ ಕೆಲಸಕ್ಕೆ ಬಾರದಾಗಿರುತ್ತದೆ. ಇಂಥ ಕಡೆ ಚೀಟಿಗಿಂತ ಎಲೆಯ ಸಾಕ್ಷ್ಯ ದೊಡ್ಡದು. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಹತ್ತು ದಿನಕ್ಕೊಮ್ಮೆ ಎರಡು ಮೂರು ಸಲ ಸಂಜೆ ಸಿಂಪಡಿಸಬೇಕು. ನೆಲಕ್ಕೆ ಫೆರಸ್ ಸಲ್ಫೇಟ್ ಸುರಿದರೆ ಆ ಮಣ್ಣಿನಲ್ಲಿ ಬೇಗನೆ ತುಕ್ಕಾಗಿ ವ್ಯರ್ಥವಾಗುತ್ತದೆ.

ಅಂಕಿಗೂ ಹೊಲದ ತೀರ್ಮಾನಕ್ಕೂ ನಡುವಿನ ಈ ಅಂತರವನ್ನು ಕರ್ನಾಟಕ ಹಿಂದೆ ಒಮ್ಮೆ ಬೇರೆ ದಾರಿಯಲ್ಲಿ ತುಂಬಲು ನೋಡಿತ್ತು. 2009ರಲ್ಲಿ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಶುರುವಾದ ಭೂಚೇತನ ಕಾರ್ಯಕ್ರಮದಲ್ಲಿ ಮಣ್ಣಿನ ಪರೀಕ್ಷೆಗಳಿಂದ ಗಂಧಕ, ಜಿಂಕ್, ಬೋರಾನ್ ಕೊರತೆ ವ್ಯಾಪಕ ಎಂದು ಗುರುತಿಸಿ, ತಾಲ್ಲೂಕು ಮಟ್ಟದ ಶಿಫಾರಸು ಮಾಡಿದರು. ಜಿಪ್ಸಂ, ಜಿಂಕ್ ಸಲ್ಫೇಟ್, ಬೋರಾಕ್ಸ್ ರಿಯಾಯಿತಿಯಲ್ಲಿ ರೈತ ಸಂಪರ್ಕ ಕೇಂದ್ರದಲ್ಲೇ ಸಿಗುವಂತೆ ಮಾಡಿ, ಊರಿನವರೇ ಆದ ರೈತ ಅನುವುಗಾರರನ್ನು ಹೊಲಕ್ಕೆ ಕಳಿಸಿದರು. ಅಲ್ಲಿನ ದತ್ತಾಂಶ ಈ ಚೀಟಿಯದಕ್ಕಿಂತ ಒರಟು, ಹೊಲವಾರು ಅಲ್ಲವೇ ಅಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಹೇಳುವ ಒಬ್ಬ ಮನುಷ್ಯ, ಹೇಳಿದ ಸಾಮಗ್ರಿ, ಅದು ಸಿಗುವ ಜಾಗ ಮೂರೂ ಒಟ್ಟಿಗೆ ಇದ್ದವು. ಮಣ್ಣು ಆರೋಗ್ಯ ಚೀಟಿಯಲ್ಲಿ ಅಂಕಿ ಹೆಚ್ಚು ನಿಖರ, ಮನುಷ್ಯ ಕಾಣೆ. ಇಷ್ಟು ಖರ್ಚು ಮಾಡಿ ಪರೀಕ್ಷೆ ನಡೆಸಿ, ಅದನ್ನು ಓದಿ ಹೇಳುವವರನ್ನು ಊರಿಗೊಬ್ಬರಂತೆ ಕೊಡದಿರುವುದು ಬೇಸರ ತರುವ ಸಂಗತಿ. ಚೀಟಿ ಹಂಚುವ ದಿನವೇ ಗ್ರಾಮ ಪಂಚಾಯಿತಿಯಲ್ಲಿ ಎರಡು ಗಂಟೆ ಕೂತು ಒಂದು ಚೀಟಿಯನ್ನು ಎಲ್ಲರೆದುರು ಓದಿ ಲೆಕ್ಕ ಮಾಡಿ ತೋರಿಸಿದರೂ ಬಹಳ ಬದಲಾಗುತ್ತದೆ.

ಅಲ್ಲಿಯವರೆಗೆ ರೈತರು ಮಾಡಬಹುದಾದ ಕೆಲಸವೊಂದಿದೆ. ಚೀಟಿಯ ಶಿಫಾರಸಿನಂತೆ ಗೊಬ್ಬರ ಹಾಕುವಾಗ ಹೊಲದ ನಡುವೆ ಹತ್ತು ಗುಂಟೆ ಪಟ್ಟಿಯನ್ನು ನಿಮ್ಮ ಹಳೆಯ ಲೆಕ್ಕಕ್ಕೇ ಬಿಡಿ. ಬೀಜ, ಬಿತ್ತನೆ, ಕಳೆ ಎಲ್ಲ ಒಂದೇ ಇರಲಿ. ಕೊಯ್ಲಿನಲ್ಲಿ ಆ ಪಟ್ಟಿಯ ರಾಗಿಯನ್ನೂ ಪಕ್ಕದ ಹತ್ತು ಗುಂಟೆಯ ರಾಗಿಯನ್ನೂ ಬೇರೆ ಬೇರೆ ತೂಗಿ, ಎರಡರ ಗೊಬ್ಬರದ ಖರ್ಚಿನ ಜೊತೆ ಚೀಟಿಯ ಹಿಂಬದಿಯಲ್ಲೇ ಬರೆದಿಡಿ. ಆ ವರ್ಷದ ಮಳೆ, ಮೇಲುಗೊಬ್ಬರ ಕೊಟ್ಟ ದಿನ, ರೋಗ ಬಂದಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸಲ ಮಾದರಿ ತೆಗೆಯುವಾಗ ಅದೇ ತಿಂಗಳು, ಅದೇ ಆಳ, ಸಾಧ್ಯವಾದರೆ ಅದೇ ಪ್ರಯೋಗಾಲಯ. ಮಾದರಿಯ ಜೊತೆ ಈ ಬರಹದ ನಕಲನ್ನೂ ಕೃಷಿ ಅಧಿಕಾರಿಗೆ ಕೊಟ್ಟು, ಪ್ರಮಾಣವನ್ನು ಅದರ ಮೇಲೆ ತಿದ್ದಿಕೊಡುವಂತೆ ಕೇಳಿ.